ಗಣಿಯಿಂದ ಗುಜರಿಯವರೆಗೆ: ನಿರ್ಣಾಯಕ ಖನಿಜಗಳ ಪೂರೈಕೆ ಸರಪಳಿ

ಕೈಗಾರಿಕೆಗೆ ಬೇಕೇಬೇಕಾದ, ಬದಲಿಗೆ ಇನ್ನೊಂದನ್ನು ಸುಲಭಕ್ಕೆ ಬಳಸಲಾಗದ, ಬೆರಳೆಣಿಕೆಯ ದೇಶಗಳಿಂದಷ್ಟೇ ಸಿಗುವ ಖನಿಜಗಳಿಗೆ ನಿರ್ಣಾಯಕ ಖನಿಜಗಳೆಂದು ಹೆಸರು. ಭಾರತ ಸರ್ಕಾರದ ಗಣಿ ಸಚಿವಾಲಯ 2023ರ ಜೂನ್‌ನಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇಂಥ 30 ಖನಿಜಗಳಿವೆ. ಲಿಥಿಯಂ, ಕೋಬಾಲ್ಟ್, ಗ್ರಾಫೈಟ್, ವಿರಳ ಭೂಲೋಹಗಳು, ಗ್ಯಾಲಿಯಂ, ಜರ್ಮೇನಿಯಂ, ಟಂಗ್‌ಸ್ಟನ್ ಎಂಬ ಹೆಸರುಗಳ ನಡುವೆ ತಾಮ್ರ, ತವರ, ಪೊಟ್ಯಾಷ್‌ನಂಥ ಹಳೆಯ ಪರಿಚಿತರೂ ಇದ್ದಾರೆ. ಕಬ್ಬಿಣದ ಅದಿರು ಪಟ್ಟಿಯಲ್ಲಿಲ್ಲ. ಬಳ್ಳಾರಿಯಲ್ಲೂ ಒಡಿಶಾದಲ್ಲೂ ಅದು ಧಾರಾಳವಾಗಿದೆ. ಚಿನ್ನವೂ ಇಲ್ಲ, ಅದನ್ನು ಮಾರುವ ದೇಶಗಳು ಹಲವಿವೆ. ಅಮೆರಿಕದ ಪಟ್ಟಿ ಬೇರೆ, ಐರೋಪ್ಯ ಒಕ್ಕೂಟದ್ದು ಬೇರೆ. ಯಾವ ದೇಶಕ್ಕೆ ಯಾವುದರ ಭಯ ಎಂಬುದನ್ನು ಈ ಪಟ್ಟಿಗಳಿಂದಲೇ ಓದಿಕೊಳ್ಳಬಹುದು.

ನೆಲದಿಂದ ಅದಿರು ತೆಗೆಯುವುದು ಸರಪಳಿಯ ಮೊದಲ ಕೊಂಡಿ. ಅದನ್ನು ಪುಡಿಮಾಡಿ, ಬೇಡದ ಕಲ್ಲುಮಣ್ಣನ್ನು ಕಳೆದು ಸಾಂದ್ರೀಕರಿಸುವುದು ಎರಡನೆಯದು. ಸಾಂದ್ರಕದಿಂದ ಬೇಕಾದ ಧಾತುವನ್ನು ರಾಸಾಯನಿಕವಾಗಿ ಬೇರ್ಪಡಿಸಿ ಶುದ್ಧಗೊಳಿಸುವುದು ಮೂರನೆಯದು. ಆಮೇಲೆ ಲೋಹ ಅಥವಾ ಲವಣ, ಅದರಿಂದ ಬಿಡಿಭಾಗ, ಬಿಡಿಭಾಗದಿಂದ ಫೋನು, ಸ್ಕೂಟರು, ಗಾಳಿಯಂತ್ರ. ಅವು ಹಳೆಯದಾದ ಮೇಲೆ ಗುಜರಿ. ಪತ್ರಿಕೆಗಳ ಗಮನವೆಲ್ಲ ಮೊದಲ ಕೊಂಡಿಯ ಮೇಲೆ. ಎಲ್ಲೋ ಲಿಥಿಯಂ ನಿಕ್ಷೇಪ ಪತ್ತೆಯಾಯಿತೆಂದರೆ ಅದು ಮುಖಪುಟದ ಸುದ್ದಿ. ಹಿಡಿತವಿರುವುದು ಮಾತ್ರ ಮೂರನೆಯ ಕೊಂಡಿಯಲ್ಲಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ವರದಿ ಪರಿಶೀಲಿಸಿದ 20 ಖನಿಜಗಳ ಪೈಕಿ 19ರ ಶುದ್ಧೀಕರಣದಲ್ಲಿ ಚೀನಾವೇ ಮೊದಲು. ಅದರ ಸರಾಸರಿ ಪಾಲು ಶೇ 70ರಷ್ಟು. ಈ ಖನಿಜಗಳಲ್ಲಿ ಹಲವು ಚೀನಾದ ನೆಲದಲ್ಲಿ ಹೆಚ್ಚಾಗಿ ಸಿಗುವುದೂ ಇಲ್ಲ. ಜಗತ್ತಿನ ಕೋಬಾಲ್ಟಿನಲ್ಲಿ ಶೇ 70ಕ್ಕೂ ಮಿಕ್ಕಿದ್ದು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಗಣಿಗಳಿಂದ ಬರುತ್ತದೆ, ನಿಕ್ಕಲ್‌ನ ಅರ್ಧಕ್ಕಿಂತ ಹೆಚ್ಚು ಇಂಡೊನೇಷ್ಯಾದಿಂದ. ಲಿಥಿಯಂ ಅತಿ ಹೆಚ್ಚು ಅಗೆಯುವ ದೇಶ ಆಸ್ಟ್ರೇಲಿಯ. ಅಲ್ಲಿನ ಸಾಂದ್ರಕದ ಬಹುಪಾಲು ಹಡಗೇರಿ ಹೋಗುವುದು ಚೀನಾದ ಶುದ್ಧೀಕರಣ ಘಟಕಗಳಿಗೆ.

ಮಧ್ಯದ ಕೊಂಡಿ ಒಂದೇ ಕೈಗೆ ಹೋದದ್ದು ಹೇಗೆಂಬುದಕ್ಕೆ ವಿರಳ ಭೂಲೋಹಗಳ ರಸಾಯನಶಾಸ್ತ್ರದಲ್ಲೇ ಅರ್ಧ ಉತ್ತರವಿದೆ. ಲ್ಯಾಂಥನಮ್‌ನಿಂದ ಲುಟೀಶಿಯಮ್‌ವರೆಗಿನ 15 ಧಾತುಗಳು, ಜೊತೆಗೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ, ಒಟ್ಟು 17. ಹೆಸರಿನಲ್ಲಿ ವಿರಳವಿದ್ದರೂ ಭೂಮಿಯ ತೊಗಟೆಯಲ್ಲಿ ಇವುಗಳಲ್ಲಿ ಹಲವು ತವರಕ್ಕಿಂತ, ಸೀಸಕ್ಕಿಂತ ಹೆಚ್ಚಾಗಿವೆ. ತೊಡಕು ಅವುಗಳ ಹೋಲಿಕೆಯದು. ಎಲ್ಲವೂ ಸಾಮಾನ್ಯವಾಗಿ ಒಂದೇ ಬಗೆಯ ಅಯಾನುಗಳಾಗುತ್ತವೆ; ಪಕ್ಕಪಕ್ಕದ ಧಾತುಗಳ ಅಯಾನುಗಳ ಗಾತ್ರದಲ್ಲಿರುವ ವ್ಯತ್ಯಾಸ ಕೂದಲೆಳೆಯಷ್ಟು. ಆ ವ್ಯತ್ಯಾಸವನ್ನೇ ನೆಚ್ಚಿ, ಆಮ್ಲದ ದ್ರಾವಣವನ್ನು ಎಣ್ಣೆಯಂಥ ದ್ರಾವಕದೊಡನೆ ಕಲಕಿ, ಕೆನೆಗಟ್ಟಲು ಬಿಟ್ಟು, ಮತ್ತೆ ಕಲಕಿ, ಹೀಗೆ ನೂರಾರು ತೊಟ್ಟಿಗಳನ್ನು ಹಾಯಿಸಿದ ಮೇಲೆ ನಿಯೊಡಿಮಿಯಂ ಒಂದು ಕಡೆ, ಸಮೇರಿಯಂ ಇನ್ನೊಂದು ಕಡೆ ನಿಲ್ಲುತ್ತವೆ. ದಾರಿಯುದ್ದಕ್ಕೂ ಆಮ್ಲ, ಕ್ಷಾರ, ನೀರು ಸುರಿಯಬೇಕು. ಅದಿರಿನೊಡನೆ ಬರುವ ಥೋರಿಯಂನ ವಿಕಿರಣಶೀಲ ಕಸವನ್ನು ಎಲ್ಲಾದರೂ ಇಡಬೇಕು. ಅಮೆರಿಕದ ಕ್ಯಾಲಿಫೋರ್ನಿಯದ ಮೌಂಟನ್ ಪಾಸ್ ಗಣಿ ಒಂದು ಕಾಲಕ್ಕೆ ಜಗತ್ತಿಗೇ ವಿರಳ ಭೂಲೋಹ ಪೂರೈಸುತ್ತಿತ್ತು. ಚೀನಾದ ಅಗ್ಗದ ಬೆಲೆ ಮತ್ತು ಪರಿಸರ ನಿಯಮಗಳ ನಡುವೆ ಸಿಕ್ಕಿ 2002ರಲ್ಲಿ ಅಲ್ಲಿ ಅಗೆತ ನಿಂತಿತು. ಒಳ ಮಂಗೋಲಿಯದ ಬಯಾನ್ ಒಬೊ ಕಬ್ಬಿಣದ ಗಣಿಯ ಉಪೋತ್ಪನ್ನವಾಗಿ ಇವನ್ನು ಪಡೆಯುತ್ತಿದ್ದ ಚೀನಾ, ಲಾಭ ನಷ್ಟ ನೋಡದೆ ಮೂರು ದಶಕ ಈ ವಿದ್ಯೆಯ ಬೆನ್ನು ಹತ್ತಿತು. ಉತ್ತರದ ಇನ್ನರ್ಧ ಈ ಹಟದಲ್ಲಿದೆ.

ಭಾರತದಲ್ಲಿ ಈ ಕಥೆ ಹಾದುಹೋಗುವ ಊರುಗಳಲ್ಲಿ ಮುಂಬಯಿಯೂ ಒಂದು. ಪ್ರಭಾದೇವಿಯ ಸಿದ್ಧಿವಿನಾಯಕ ದೇವಸ್ಥಾನದ ಸಮೀಪದಲ್ಲೇ ಇಂಡಿಯನ್ ರೇರ್ ಅರ್ಥ್ಸ್, ಈಗಿನ ಐಆರ್‌ಇಎಲ್, ಕಂಪನಿಯ ಪ್ರಧಾನ ಕಚೇರಿಯಿದೆ. ಅದರ ಪೂರ್ವೇತಿಹಾಸ ಶುರುವಾಗುವುದು ತಿರುವಾಂಕೂರಿನ ಕಡಲತೀರದಲ್ಲಿ. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞ ಅಲ್ಲಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನ ಜಾಡು ಹಿಡಿದು ಮಣವಾಳಕುರಿಚಿಯಲ್ಲಿ ಥೋರಿಯಂ, ವಿರಳ ಭೂಲೋಹಗಳು ಬೆರೆತ ಮೊನಜೈಟ್ ಖನಿಜ ಇರುವುದನ್ನು ಗುರುತಿಸಿದ. ಆಗ ಮೊನಜೈಟ್ ಬೇಕಾಗಿದ್ದುದು ಗ್ಯಾಸ್‌ಲೈಟಿನ ಮ್ಯಾಂಟಲಿಗೆ. ಥೋರಿಯಂನ ಜೊತೆ ಶೇ 1ರಷ್ಟು ಸೀರಿಯಂ ಎಂಬ ವಿರಳ ಭೂಲೋಹ ಸೇರಿಸಿದ ದ್ರಾವಣದಲ್ಲಿ ಅದ್ದಿದ ಬಲೆಚೀಲ ಉರಿಯಲ್ಲಿ ಬೆಳ್ಳಗೆ ಬೆಳಗುತ್ತಿತ್ತು. ಕರ್ನಾಟಕದ ಕರಾವಳಿಯಲ್ಲಿ ಇಡೀ ರಾತ್ರಿ ಬಯಲಾಟದ ರಂಗಸ್ಥಳ ಬೆಳಗಿದ ಗ್ಯಾಸ್‌ಲೈಟುಗಳೂ ಈ ಮ್ಯಾಂಟಲಿನವೇ. ಕನ್ನಡ ನಾಡಿನ ಹಳ್ಳಿಗಳಲ್ಲಿ ವೇಷಗಳ ಮುಖದ ಬಣ್ಣ ಎದ್ದುಕಾಣಿಸಿದ್ದರಲ್ಲಿ ವಿರಳ ಭೂಲೋಹದ ಪಾಲೂ ಇತ್ತು ಎಂದರೆ ತಪ್ಪಾಗದು. ಮೊದಲ ಮಹಾಯುದ್ಧ ಶುರುವಾಗುತ್ತಲೇ ಜರ್ಮನರ ಕೈಲಿದ್ದ ಈ ಮರಳಿನ ವ್ಯಾಪಾರ ಬ್ರಿಟಿಷರ ಹಿಡಿತಕ್ಕೆ ಹೋಯಿತು. ಖನಿಜದ ಪೂರೈಕೆ ರಾಜಕೀಯದ ಅಸ್ತ್ರವಾಗುವುದು ಈ ಶತಮಾನದ ಆವಿಷ್ಕಾರವೇನಲ್ಲ.

ವಿದ್ಯುದ್ದೀಪ ಬಂದು ಮ್ಯಾಂಟಲ್ ಮೂಲೆ ಸೇರಿತು. ಅಣುಶಕ್ತಿ ಬಂದು ಥೋರಿಯಂ ಮತ್ತೆ ಮೇಲೆದ್ದಿತು. ಹೋಮಿ ಭಾಭಾ ಅವರ ಮೂರು ಹಂತದ ಪರಮಾಣು ಯೋಜನೆ ನಿಂತದ್ದೇ ಭಾರತದ ಥೋರಿಯಂ ಸಂಪತ್ತಿನ ಮೇಲೆ. 1950ರ ಆಗಸ್ಟ್ 18ರಂದು ಕೇಂದ್ರ ಸರ್ಕಾರವೂ ಆಗಿನ ತಿರುವಾಂಕೂರು–ಕೊಚ್ಚಿ ಸರ್ಕಾರವೂ ಸೇರಿ ಐಆರ್‌ಇಎಲ್ ಸ್ಥಾಪಿಸಿದವು. ಆಲುವಾದಲ್ಲಿ ಫ್ರೆಂಚ್ ತಂತ್ರಜ್ಞಾನದಿಂದ ಕಟ್ಟಿದ ಮೊನಜೈಟ್ ಕಾರ್ಖಾನೆಯನ್ನು 1952ರ ಕೊನೆಯಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಅಲ್ಲಿಂದ ಬರುವ ಥೋರಿಯಂ ಸಂಯುಕ್ತವನ್ನು ಶುದ್ಧಗೊಳಿಸುವ ಘಟಕ 1955ರಲ್ಲಿ ಟ್ರಾಂಬೆಯಲ್ಲಿ ಕೆಲಸ ಆರಂಭಿಸಿತು. 1963ರಲ್ಲಿ ಕಂಪನಿ ಅಣುಶಕ್ತಿ ಇಲಾಖೆಯ ಸುಪರ್ದಿಗೆ ಬಂತು.

ಇಲ್ಲಿ ಸರ್ಕಾರದ ಕಣ್ಣು ನೆಟ್ಟಿದ್ದುದು ಥೋರಿಯಂನ ಮೇಲೆ. ಮೊನಜೈಟ್‌ನಲ್ಲಿ ಥೋರಿಯಂ ಆಕ್ಸೈಡ್ ಶೇ 8ರಿಂದ 10. ವಿರಳ ಭೂಲೋಹಗಳ ಆಕ್ಸೈಡುಗಳು ಶೇ 55ರಿಂದ 60. ಅಂದರೆ ಮರಳಿನ ದೊಡ್ಡ ಪಾಲನ್ನು ಚಿಕ್ಕ ಪಾಲಿನ ಉಪೋತ್ಪನ್ನವೆಂದು ಬಗೆದು, ಬಹಳ ಕಾಲ ಕಚ್ಚಾ ರೂಪದಲ್ಲೇ, ಬೇರ್ಪಡಿಸದ ಕ್ಲೋರೈಡುಗಳಾಗಿ ರಫ್ತು ಮಾಡಲಾಯಿತು. ಅಣುಶಕ್ತಿ ಕಾಯ್ದೆಯಡಿ ಮೊನಜೈಟ್ ನಿಯಂತ್ರಿತ ವಸ್ತುವಾದ್ದರಿಂದ ಖಾಸಗಿಯವರು ಈ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಸ್ಪರ್ಧೆಯೂ ಇಲ್ಲದೆ, ದೇಶದೊಳಗೆ ಅಯಸ್ಕಾಂತ ತಯಾರಿಸುವ ಗಿರಾಕಿಯೂ ಇಲ್ಲದೆ ಬೇರ್ಪಡಿಕೆಯ ವಿದ್ಯೆ ಬೆಳೆಯಲಿಲ್ಲವೆಂಬುದೂ ಅಷ್ಟೇ ನಿಜ. ಚೀನಾದ ಬೆಲೆಗೆ ಎದುರು ನಿಲ್ಲಲಾಗದೆ 2004ರ ಸುಮಾರಿಗೆ ಐಆರ್‌ಇಎಲ್ ಮೊನಜೈಟ್ ಸಂಸ್ಕರಣೆಯನ್ನೇ ನಿಲ್ಲಿಸಿತು. ಮುಂದಿನ ದಶಕದಲ್ಲಿ ಒಡಿಶಾದ ಛತ್ರಪುರದ ಹೊಸ ಘಟಕದೊಂದಿಗೆ ಅದು ಮತ್ತೆ ಶುರುವಾಯಿತು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಲೆಕ್ಕದಲ್ಲಿ ಭಾರತದ ವಿರಳ ಭೂಲೋಹ ನಿಕ್ಷೇಪ 69 ಲಕ್ಷ ಟನ್, 2024ರ ಉತ್ಪಾದನೆ ಸುಮಾರು 2,900 ಟನ್. ಅದೇ ವರ್ಷ ಚೀನಾದ್ದು 2,70,000 ಟನ್.

2010ರಲ್ಲಿ ಪೂರ್ವ ಚೀನಾ ಸಮುದ್ರದ ದ್ವೀಪಗಳ ತಕರಾರಿನ ನಡುವೆ ಜಪಾನಿಗೆ ಹೋಗುತ್ತಿದ್ದ ಚೀನಾದ ವಿರಳ ಭೂಲೋಹಗಳಿಗೆ ತಡೆ ಬಿತ್ತು. ಜಪಾನು ಕೂಡಲೇ ಬೇರೆ ಬಾಗಿಲು ತಟ್ಟಿತು: ಆಸ್ಟ್ರೇಲಿಯದ ಲೈನಾಸ್ ಕಂಪನಿಗೆ ಹಣ ಹೂಡಿತು, ಭಾರತದ ಐಆರ್‌ಇಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಟೊಯೊಟ ಬಳಗದ ವ್ಯಾಪಾರಿ ಸಂಸ್ಥೆ ವಿಶಾಖಪಟ್ಟಣದ ಬಳಿ ಘಟಕ ತೆರೆಯಿತು. ಭಾರತದ ಮರಳಿನ ನಿಯೊಡಿಮಿಯಂ ಅಲ್ಲಿಂದ ಜಪಾನಿನ ಮೋಟಾರುಗಳಿಗೆ ಹೋಗತೊಡಗಿತು. ಹದಿನೈದು ವರ್ಷಗಳ ನಂತರ ಅದೇ ಪೆಟ್ಟು ಭಾರತಕ್ಕೇ ಬಿತ್ತು. 2025ರ ಏಪ್ರಿಲ್ 4ರಂದು ಚೀನಾ ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೀಶಿಯಂ, ಸ್ಕ್ಯಾಂಡಿಯಂ, ಇಟ್ರಿಯಂ ಎಂಬ ಏಳು ಧಾತುಗಳಿಗೂ ಅವು ಬೆರೆತ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ವಿದ್ಯುತ್ ವಾಹನದ ಮೋಟಾರಿನ ನಿಯೊಡಿಮಿಯಂ ಅಯಸ್ಕಾಂತ ಬಿಸಿಯಲ್ಲೂ ಬಲ ಕಳೆದುಕೊಳ್ಳದಿರಲು ಚಿಟಿಕೆಯಷ್ಟು ಡಿಸ್ಪ್ರೋಸಿಯಂ ಬೇಕು. ಆ ಚಿಟಿಕೆ ತಪ್ಪಿದ್ದರಿಂದ ಪುಣೆಯ ಬಜಾಜ್ ಆಟೊ ಜುಲೈ ತಿಂಗಳಲ್ಲಿ ಚೇತಕ್ ಸ್ಕೂಟರಿನ ಉತ್ಪಾದನೆಯನ್ನು ಕಡಿತಗೊಳಿಸಬೇಕಾಯಿತು. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ವಿರಳ ಭೂಲೋಹವೇ ಬೇಡದ ಫೆರೈಟ್ ಮೋಟಾರಿನತ್ತ ಹೊರಳಿತು. ಜಪಾನಿಗೆ ಹೋಗುವ ಸರಕನ್ನು ದೇಶದಲ್ಲೇ ಇಟ್ಟುಕೊಳ್ಳುವಂತೆ ಐಆರ್‌ಇಎಲ್‌ಗೆ ಸರ್ಕಾರ ಸೂಚಿಸಿತೆಂದು ವರದಿಯಾದದ್ದೂ ಅದೇ ವರ್ಷದ ಬೇಸಿಗೆಯ ಕೊನೆಯಲ್ಲಿ.

ಸರಕು ಉಳಿಸಿಕೊಂಡರೂ ಅಯಸ್ಕಾಂತ ಮಾಡುವವರು ಬೇಕಲ್ಲ! 2023ರ ಮೇ ತಿಂಗಳಲ್ಲಿ ವಿಶಾಖಪಟ್ಟಣದಲ್ಲಿ ಉದ್ಘಾಟನೆಯಾದ ಐಆರ್‌ಇಎಲ್‌ನ ಅಯಸ್ಕಾಂತ ಘಟಕದ ಸಾಮರ್ಥ್ಯ ವರ್ಷಕ್ಕೆ 3,000 ಕಿಲೋ. ಅದೂ ಸಮೇರಿಯಂ–ಕೋಬಾಲ್ಟ್ ಬಗೆಯದು. ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಕ್ಷೇತ್ರಗಳಿಗೆ ಮೀಸಲು. ಸ್ಕೂಟರು ಕಾರುಗಳಿಗೆ ಬೇಕಾದ ಅಯಸ್ಕಾಂತಗಳಿಗಾಗಿ ಕೇಂದ್ರ ಸಂಪುಟ 2025ರ ನವೆಂಬರ್‌ನಲ್ಲಿ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರಿ ವರ್ಷಕ್ಕೆ 6,000 ಟನ್. ಭಾರತದ ಕಡಲ ಮರಳಿನಲ್ಲಿ ಹಗುರ ವರ್ಗದ ನಿಯೊಡಿಮಿಯಂ ಸಾಕಷ್ಟಿದೆ; ಭಾರದ ವರ್ಗದ ಡಿಸ್ಪ್ರೋಸಿಯಂ, ಟರ್ಬಿಯಂ ತೀರ ಅಲ್ಪ. ಗುರಿ ಮುಟ್ಟಿದರೂ ಅವುಗಳಿಗೆ ಹೊರದೇಶದ ಬಾಗಿಲು ಕಾಯುವುದು ತಪ್ಪದು.

ಮುಂಬಯಿಯ ಉಪನಗರ ಗೋರೆಗಾಂವ್‌ನಲ್ಲಿ ನಿಂತು ನೋಡಿದರೆ ಈ ಸರಪಳಿಯ ತುದಿ ಕಾಣಿಸುತ್ತದೆ. ಹೆದ್ದಾರಿಯ ಮೇಲಿನ ಮೆಟ್ರೊ 7ನೇ ಮಾರ್ಗದಲ್ಲೂ ಪಶ್ಚಿಮದ ಲಿಂಕ್ ರಸ್ತೆಯ 2ಎ ಮಾರ್ಗದಲ್ಲೂ ಓಡುವ ರೈಲುಗಳನ್ನು ಕಟ್ಟಿದ್ದು ಬೆಂಗಳೂರಿನ ಬಿಇಎಂಎಲ್. ಮೊದಲ ರೈಲು 2021ರ ಜನವರಿಯಲ್ಲಿ ಅಲ್ಲಿಂದ ಹೊರಬಂತು. 2022ರ ಏಪ್ರಿಲ್ 2ರಂದು ಆರೆ ಮತ್ತು ದಹಾಣೂಕರ್‌ವಾಡಿಯ ನಡುವೆ ಸಂಚಾರ ಶುರುವಾಯಿತು. ಆ ಬೋಗಿಗಳ ಸ್ಟೇನ್‌ಲೆಸ್ ಸ್ಟೀಲಿಗೆ ನಿಕ್ಕಲ್ ಬೇಕು, ಮೇಲಿನ 25,000 ವೋಲ್ಟಿನ ತಂತಿಗೆ ತಾಮ್ರ ಬೇಕು. ಕೆಳಗೆ ರಸ್ತೆಯಲ್ಲಿ ಊಟದ ಪೊಟ್ಟಣ ಹೊತ್ತು ಓಡುವ ವಿದ್ಯುತ್ ಸ್ಕೂಟರುಗಳಿಗೆ ಲಿಥಿಯಂ, ಗ್ರಾಫೈಟ್, ನಿಯೊಡಿಮಿಯಂ. ಇದರಲ್ಲಿ ದೇಶದ ಪಾಲು ಜೋಡಣೆಯಲ್ಲಿ ಹೆಚ್ಚು, ಶುದ್ಧೀಕರಣದಲ್ಲಿ ಕಡಿಮೆ.

ನಿಕ್ಕಲ್‌ನ ವಿಷಯದಲ್ಲಿ ಸರಕಿನಷ್ಟೇ ಬೆಲೆಯೂ ತೊಂದರೆ ಕೊಡುತ್ತದೆ. ಇಂಡೊನೇಷ್ಯಾ 2020ರ ಜನವರಿಯಿಂದ ಕಚ್ಚಾ ಅದಿರಿನ ರಫ್ತು ನಿಷೇಧಿಸಿ, ಬೇಕಾದವರು ತನ್ನ ನೆಲದಲ್ಲೇ ಕುಲುಮೆ ಹೂಡಲಿ ಎಂದಿತು. ಚೀನಾದ ಕಂಪನಿಗಳು ಹಾಗೆಯೇ ಮಾಡಿದವು. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕ್ಕಲ್ ಬೆಲೆ ಟನ್ನಿಗೆ 1 ಲಕ್ಷ ಡಾಲರ್ ದಾಟಿ, ವಹಿವಾಟನ್ನೇ ನಿಲ್ಲಿಸಬೇಕಾಯಿತು. ಆ ಬೆಳಗಿನ ವ್ಯವಹಾರಗಳನ್ನು ರದ್ದುಮಾಡಲಾಯಿತು. ಗೋರೆಗಾಂವ್‌ಗೆ ಹತ್ತಿರದ ಅಂಧೇರಿಯಲ್ಲಿರುವ ಎಂಸಿಎಕ್ಸ್ ಸರಕು ವಿನಿಮಯ ಕೇಂದ್ರದಲ್ಲಿ ತಾಮ್ರ, ಸತು, ಅಲ್ಯೂಮಿನಿಯಂಗಳ ಬೆಲೆ ಕ್ಷಣಕ್ಷಣಕ್ಕೆ ಕಾಣುತ್ತದೆ. ನಿಯೊಡಿಮಿಯಂ, ಗ್ಯಾಲಿಯಂಗಳಿಗೆ ಅಂಥ ತೆರೆದ ಪೇಟೆಯಿಲ್ಲ. ಕೊಳ್ಳುವವರು ಕೆಲವರು, ಮಾರುವವರು ಇನ್ನೂ ಕೆಲವರು, ಬೆಲೆ ಅವರವರ ನಡುವೆ. ಲಿಥಿಯಂ ಕಾರ್ಬೊನೇಟ್ 2022ರ ಕೊನೆಗೆ ಟನ್ನಿಗೆ 80,000 ಡಾಲರ್ ಆಸುಪಾಸಿನಲ್ಲಿದ್ದದ್ದು 2024ರಲ್ಲಿ 10,000ದ ಹತ್ತಿರಕ್ಕೆ ಕುಸಿಯಿತು. ನಿಕ್ಷೇಪ ಕಂಡುಹಿಡಿದು ಗಣಿ ತೆರೆಯಲು ಹದಿನೈದು ವರ್ಷ ಹಿಡಿಯುವ ಉದ್ಯಮದಲ್ಲಿ ಎರಡು ವರ್ಷಕ್ಕೆ ಬೆಲೆ ಎಂಟನೆಯ ಒಂದು ಭಾಗವಾದರೆ ಹಣ ಹೂಡುವವರು ಹಿಂದೆಸರಿಯುವುದರಲ್ಲಿ ಆಶ್ಚರ್ಯವಿಲ್ಲ.

ಕರ್ನಾಟಕದ ಲಿಥಿಯಂ ಕಥೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದ ಬಂಡೆಗಳಲ್ಲಿ ಸ್ಪೊಡ್ಯುಮಿನ್ ಎಂಬ ಲಿಥಿಯಂ ಖನಿಜವನ್ನು ಅಣುಶಕ್ತಿ ಇಲಾಖೆಯ ಖನಿಜ ನಿರ್ದೇಶನಾಲಯ ಗುರುತಿಸಿತು. 2020ರಲ್ಲಿ 14,100 ಟನ್ ಎಂಬ ಪ್ರಾಥಮಿಕ ಅಂದಾಜು ಹೊರಬಿದ್ದು ದೊಡ್ಡ ಸುದ್ದಿಯಾಯಿತು. ಸರ್ಕಾರ ಸಂಸತ್ತಿಗೆ ಆಮೇಲೆ ತಿಳಿಸಿದ ಅಂಕಿ 1,600 ಟನ್. ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ 8 ಕಿಲೋ ಲಿಥಿಯಂ ಎಂದು ಹಿಡಿದರೆ, ಒಂದು ಚೂರೂ ಪೋಲಾಗದಿದ್ದರೂ, ಅದು ಎರಡು ಲಕ್ಷ ಕಾರುಗಳಿಗೆ ಮುಗಿಯುತ್ತದೆ. ಜಮ್ಮುವಿನ ರಿಯಾಸಿಯಲ್ಲಿ 2023ರಲ್ಲಿ 59 ಲಕ್ಷ ಟನ್ ಎಂದು ಘೋಷಿಸಿದ್ದು ಅದಿರಿನ ಲೆಕ್ಕ, ಲೋಹದ್ದಲ್ಲ. ಆ ಭೂಖಂಡದ ಹರಾಜಿಗೆ ಬೇಕಾದಷ್ಟು ಬಿಡ್ಡುದಾರರೇ ಬಾರದೆ ಪ್ರಕ್ರಿಯೆ ರದ್ದಾಯಿತು. ಹೊರದೇಶದಲ್ಲೂ ಹುಡುಕಾಟ ನಡೆದಿದೆ: ಸರ್ಕಾರಿ ಕಂಪನಿಗಳಾದ ನಾಲ್ಕೊ, ಹಿಂದೂಸ್ತಾನ್ ಕಾಪರ್ ಮತ್ತು ಖನಿಜ ಅನ್ವೇಷಣಾ ನಿಗಮ ಸೇರಿ 2019ರಲ್ಲಿ ಕಟ್ಟಿದ ಕಾಬಿಲ್ ಕಂಪನಿ 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕ ಪ್ರಾಂತದಲ್ಲಿ 15,703 ಹೆಕ್ಟೇರಿನ ಐದು ಉಪ್ಪುನೀರಿನ ಲಿಥಿಯಂ ತಾಣಗಳ ಅನ್ವೇಷಣೆಯ ಹಕ್ಕು ಪಡೆಯಿತು.

ಲಿಥಿಯಂಗಿಂತ ಭರವಸೆ ಹುಟ್ಟಿಸುವುದು ಬಳ್ಳಾರಿ ಸೀಮೆಯ ಗ್ರಾಫೈಟ್. ಲಿಥಿಯಂ ಬ್ಯಾಟರಿಯೊಳಗೆ ತೂಕದಲ್ಲಿ ಲಿಥಿಯಂಗಿಂತ ಗ್ರಾಫೈಟೇ ಎಷ್ಟೋ ಪಾಲು ಹೆಚ್ಚು. ಬ್ಯಾಟರಿ ದರ್ಜೆಯ ಗ್ರಾಫೈಟಿನ ಶೇ 90ಕ್ಕೂ ಹೆಚ್ಚು ತಯಾರಾಗುವುದು ಚೀನಾದಲ್ಲಿ. 2023ರ ಡಿಸೆಂಬರ್‌ನಿಂದ ಅದಕ್ಕೂ ರಫ್ತು ಪರವಾನಗಿ ಬಂದಿದೆ. ಇದನ್ನು ಗಣಿಯಿಂದಲೇ ತೆಗೆಯಬೇಕೆಂದಿಲ್ಲ. ಉಕ್ಕಿನ ಕಾರ್ಖಾನೆಯ ಕೋಕ್ ಕುಲುಮೆಗಳಲ್ಲಿ ಕಲ್ಲಿದ್ದಲು ಬೇಯುವಾಗ ಇಳಿಯುವ ಟಾರನ್ನು ಸಂಸ್ಕರಿಸಿ, ಸುಮಾರು 3,000 ಡಿಗ್ರಿ ಶಾಖದಲ್ಲಿ ಕಾಯಿಸಿದರೆ ಕೃತಕ ಗ್ರಾಫೈಟ್ ಸಿದ್ಧವಾಗುತ್ತದೆ. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಟಾರನ್ನು ಆಧರಿಸಿ ಮುಂಬಯಿಯ ಎಪ್ಸಿಲಾನ್ ಬಳಗ ಈ ಕೆಲಸಕ್ಕಿಳಿದಿದೆ. ಕರ್ನಾಟಕದಲ್ಲಿ 9,000 ಕೋಟಿ ರೂಪಾಯಿ ಹೂಡುವುದಾಗಿ 2023ರಲ್ಲಿ ಘೋಷಿಸಿತು. ಹೊಸ ನಿಕ್ಷೇಪದ ಕನಸಿಗಿಂತ, ಇರುವ ಕಾರ್ಖಾನೆಯ ಉಪೋತ್ಪನ್ನದಿಂದ ಮಧ್ಯದ ಕೊಂಡಿಯನ್ನು ಕಟ್ಟುವ ಈ ದಾರಿ ಹೆಚ್ಚು ಗಟ್ಟಿ. ಅಷ್ಟು ಶಾಖಕ್ಕೆ ಬೇಕಾದ ವಿದ್ಯುತ್ತಿನ ದರವೇ ಇದರ ಅಳಿವು ಉಳಿವನ್ನು ನಿರ್ಧರಿಸುತ್ತದೆ.

ಸರಪಳಿಯ ಖರ್ಚನ್ನೆಲ್ಲ ಕೊಳ್ಳುವವರು ತೆರುವುದಿಲ್ಲ. ಕಾಂಗೊದ ಕೊಲ್ವೆಜಿ ಸುತ್ತಮುತ್ತ ಕೈಹಾರೆಯಿಂದ ಕೋಬಾಲ್ಟ್ ಅಗೆಯುವವರ ಸುರಂಗಗಳು ಕುಸಿಯುವುದು ಹೊಸದಲ್ಲ. ಮ್ಯಾನ್ಮಾರಿನ ಕಚಿನ್ ಗುಡ್ಡಗಳಿಗೆ ರಾಸಾಯನಿಕ ಸುರಿದು ತೆಗೆದ ಭಾರದ ವಿರಳ ಭೂಲೋಹ ಗಡಿ ದಾಟಿ ಚೀನಾ ಸೇರುತ್ತದೆ. ಆ ಗಣಿಗಳ ಕೇಂದ್ರವಾದ ಪಾಂಗ್‌ವಾ 2024ರ ಅಕ್ಟೋಬರ್‌ನಲ್ಲಿ ಸಶಸ್ತ್ರ ಬಂಡಾಯಗಾರರ ವಶವಾಯಿತು. ಮಲೇಷ್ಯಾದ ಬುಕಿತ್ ಮೇರಾದಲ್ಲಿ 1980ರ ದಶಕದಲ್ಲಿ ನಡೆಯುತ್ತಿದ್ದ ವಿರಳ ಭೂಲೋಹ ಕಾರ್ಖಾನೆ ವಿಕಿರಣಶೀಲ ಕಸದ ವಿರುದ್ಧ ಊರಿನವರು ಹೂಡಿದ ಹೋರಾಟದಿಂದ ಮುಚ್ಚಿತು. ಶುದ್ಧೀಕರಣ ತಮ್ಮಲ್ಲಿ ಬರಲಿ ಎನ್ನುವ ದೇಶಗಳು ಅದರ ಕಸವೂ ತಮ್ಮಲ್ಲೇ ಉಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಗಣಿಯೇ ಇಲ್ಲದ ಮುಂಬಯಿಯಂಥ ನಗರದ ಪಾಲಿಗೆ ಗುಜರಿಯೇ ಗಣಿ. ಜೋಗೇಶ್ವರಿ, ಸಾಕಿನಾಕಾ, ಕುರ್ಲಾ, ಧಾರಾವಿಗಳ ಭಂಗಾರ್ ಅಂಗಡಿಗಳಲ್ಲಿ ಹಳೆಯ ಕಂಪ್ಯೂಟರು, ಫೋನುಗಳನ್ನು ಬಿಚ್ಚುವವರ ಕೈಗೆ ತಾಮ್ರ, ಅಲ್ಯೂಮಿನಿಯಂ, ಸರ್ಕ್ಯೂಟ್ ಹಲಗೆಯ ಚಿನ್ನ ಚೆನ್ನಾಗಿ ಪರಿಚಿತ. ಹಾರ್ಡ್ ಡಿಸ್ಕಿನ ಒಳಗಿರುವ ನಿಯೊಡಿಮಿಯಂ ಅಯಸ್ಕಾಂತ ಮಾತ್ರ ತನ್ನ ಉಕ್ಕಿನ ತಳಪಟ್ಟಿಗೆ ಕಚ್ಚಿಕೊಂಡೇ ಕಬ್ಬಿಣದ ರಾಶಿಗೆ ಬಿದ್ದು, ಕುಲುಮೆಯಲ್ಲಿ ಕಿಟ್ಟವಾಗಿ ಹೋಗುತ್ತದೆ. ಇದಕ್ಕೆ ಬಿಚ್ಚುವವರನ್ನು ದೂರಿ ಫಲವಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಾದ ಇ–ತ್ಯಾಜ್ಯ ನಿಯಮಗಳಡಿ ಮರುಬಳಕೆಯ ಪ್ರಮಾಣಪತ್ರಗಳನ್ನು ಲೆಕ್ಕ ಹಾಕತೊಡಗಿದ್ದೇ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳಿಗೆ. ಲೆಕ್ಕಕ್ಕಿಲ್ಲದ ಲೋಹವನ್ನು ಕಷ್ಟಪಟ್ಟು ಬೇರೆ ಮಾಡುವವರು ಯಾರು?

ಬ್ಯಾಟರಿಯ ವಿಷಯದಲ್ಲಿ ನಿಯಮ ಇನ್ನಷ್ಟು ಬಿಗಿಯಾಗಿದೆ. ಹಳೆಯ ಲಿಥಿಯಂ ಬ್ಯಾಟರಿಯನ್ನು ಬೆಂಕಿ ಹತ್ತದಂತೆ ವಿದ್ಯುತ್ ಇಳಿಸಿ ಪುಡಿಗಟ್ಟಿದರೆ ಲಿಥಿಯಂ, ನಿಕ್ಕಲ್, ಕೋಬಾಲ್ಟ್, ಗ್ರಾಫೈಟ್ ಎಲ್ಲವೂ ಬೆರೆತ ಕಪ್ಪು ಪುಡಿ ಸಿಗುತ್ತದೆ. ಭಾರತದಲ್ಲಿ ಪುಡಿಗಟ್ಟುವವರು ಹಲವರು, ಪುಡಿಯಿಂದ ಲೋಹ ಬೇರ್ಪಡಿಸುವವರು ಕೆಲವರು. ಸಾಕಷ್ಟು ಪುಡಿ ಹೊರದೇಶಕ್ಕೇ ಹೋಗುತ್ತದೆ. ಐವತ್ತರ ದಶಕದಲ್ಲಿ ಮೊನಜೈಟ್‌ಗೆ ಆದದ್ದೇ ಇಲ್ಲಿ ಮತ್ತೆ ಆಗುತ್ತಿದೆ. 2025ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ನ ಅಡಿ ಅದೇ ಸೆಪ್ಟೆಂಬರ್‌ನಲ್ಲಿ 1,500 ಕೋಟಿ ರೂಪಾಯಿಯ ಮರುಬಳಕೆ ಪ್ರೋತ್ಸಾಹ ಯೋಜನೆ ಮಂಜೂರಾದದ್ದು ಈ ಬೇರ್ಪಡಿಕೆ ದೇಶದೊಳಗೇ ನಡೆಯಲಿ ಎಂದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ 2026–27ರಿಂದ ವಿದ್ಯುತ್ ವಾಹನದ ಬ್ಯಾಟರಿಯ ಶೇ 90ರಷ್ಟು ವಸ್ತುವನ್ನು ಮರಳಿ ಪಡೆಯಬೇಕು. 2027–28ರಲ್ಲಿ ಹೊಸ ಬ್ಯಾಟರಿಯೊಳಗೆ ಶೇ 5ರಷ್ಟು ಮರುಬಳಕೆಯ ವಸ್ತುವಿರಬೇಕು, 2030–31ರ ಹೊತ್ತಿಗೆ ಶೇ 20ರಷ್ಟು. ವಿದ್ಯುತ್ ಸ್ಕೂಟರುಗಳ ಮೊದಲ ದೊಡ್ಡ ಅಲೆಯ ಬ್ಯಾಟರಿಗಳು ಗುಜರಿಗೆ ಬರುವ ಕಾಲವೂ ಹೆಚ್ಚುಕಡಿಮೆ ಅದೇ.